ಮರುದಿನದ ರುಚಿ

ವೇಲ್ಸ್ ನಾಡಿನ ಜನ ತಮ್ಮದೆಂದು ಅಭಿಮಾನದಿಂದ ಹೇಳಿಕೊಳ್ಳುವ ಅಡುಗೆ ‘ಕೌಲ್’. ಮಾಂಸವನ್ನೂ ಗೆಡ್ಡೆ-ತರಕಾರಿಗಳನ್ನೂ ಒಂದೇ ಪಾತ್ರೆಯಲ್ಲಿ ಬೇಯಿಸಿದ ತಿಳಿಸಾರು. ಕಾರ್ಡಿಫ್ ನಗರದಲ್ಲಿದ್ದ ದಿನಗಳಲ್ಲಿ ನಾನೂ ಇದನ್ನು ಮನೆಯಲ್ಲಿ ಮಾಡುತ್ತಿದ್ದೆ.

ಎಲುಬಿನ ಸಮೇತ 1 ಕಿಲೋ ಕುರಿಮಾಂಸವನ್ನು ಮುಳುಗುವಷ್ಟು ನೀರಿನಲ್ಲಿಟ್ಟು, ಮೇಲೆದ್ದ ನೊರೆಯನ್ನು ತೆಗೆಯುತ್ತ, ಸಣ್ಣ ಉರಿಯಲ್ಲಿ ಸುಮಾರು 2 ಗಂಟೆ ಬೇಯಿಸಬೇಕು. ಅನಂತರ ಸ್ವೀಡ್ ಎಂಬ ಹಳದಿ ಗೆಡ್ಡೆ, ಗಜ್ಜರಿ, ಆಲೂಗೆಡ್ಡೆ, ಉಪ್ಪು. ಕೊನೆಯಲ್ಲಿ ಈರುಳ್ಳಿಯ ಬಳಗದ ಲೀಕ್. ಅದು ವೇಲ್ಸಿನ ರಾಷ್ಟ್ರಲಾಂಛನವೂ ಹೌದು. ತಣ್ಣಗಿನ ಎಡೆಯಲ್ಲಿ ಒಂದು ರಾತ್ರಿ ಇಟ್ಟರೆ ಕೊಬ್ಬು ಮೇಲೆ ಹೆಪ್ಪುಗಟ್ಟುತ್ತದೆ. ಅದನ್ನು ತೆಗೆದು ಚೆನ್ನಾಗಿ ಕುದಿಸಿದಾಗ ಸಾರಿಗೆ ನಿಜವಾದ ರುಚಿ. ಹೀಗೆ ಎರಡನೆಯ ಸಲ ಕಾಯಿಸಿದ್ದಕ್ಕೆ ‘ಕೌಲ್ ಐಲ್‌ಡ್ವಿಮ್’ ಎಂಬ ಬೇರೆ ಹೆಸರೇ ಆ ಭಾಷೆಯಲ್ಲಿದೆ.

ಮಾಂಸ ಕುಡಿಯುವುದಕ್ಕೂ ತಿನ್ನುವುದಕ್ಕೂ ಒದಗಬೇಕಾದ ರೈತಮನೆಗಳ ಅಡುಗೆಯಿದು. ಮಾಂಸ ತಿಂದಷ್ಟೇ ಒಳ್ಳೆಯದು ಸಾರು ಕುಡಿಯುವುದು ಎಂಬರ್ಥದ ಗಾದೆ ಅಲ್ಲಿಯದು. ಕೆಲವೆಡೆ ಮೊದಲು ಸಾರು, ಆಮೇಲೆ ಮಾಂಸ, ತರಕಾರಿ. ಮರದ ಬಟ್ಟಲು, ಮರದ ಚಮಚ. ಒಂದೊಂದು ಸೀಮೆಗೆ ಒಂದೊಂದು ಕ್ರಮ. ಕುರಿಮಾಂಸದ ಬದಲು ಉಪ್ಪು ಹಾಕಿಟ್ಟ ಹಂದಿಮಾಂಸವೂ ಉಂಟು.

ಇಂಥ ಅಡುಗೆ ಬಾಯಿಂದ ಬಾಯಿಗೆ ಸಾಗಿ ಬಂದದ್ದು. ಹೇಳುವವರು ಹೋದರೆ ಅದೂ ಹೋಗುತ್ತದೆ. ಸೇಂಟ್ ಫ್ಯಾಗನ್ಸ್ ಜಾನಪದ ವಸ್ತುಸಂಗ್ರಹಾಲಯದ ಮಿನ್ವೆಲ್ ಟಿಬ್ಬಟ್ ಅವರು ಇದನ್ನರಿತು, ಹಿರಿಯ ಹೆಂಗಸರ ಮಾತುಗಳನ್ನು ಧ್ವನಿಮುದ್ರಿಸಿಕೊಂಡರು. 1976ರಲ್ಲಿ ‘ವೆಲ್ಷ್ ಫೇರ್’ ಎಂಬ ಗ್ರಂಥವನ್ನು ಪ್ರಕಟಿಸಿದರು. ಕೇಳುಗರೇ, ಆ ಮುದುಕಿಯರ ನೆನಪು ಹೀಗೆ ಉಳಿಯಿತು. ಉರಿಯನ್ನು ಎಷ್ಟು ತಗ್ಗಿಸಬೇಕೆಂಬುದನ್ನು ಮಾತ್ರ ನಾವು ಒಲೆಯ ಮುಂದೆ ನಿಂತೇ ಕಲಿಯಬೇಕು.