ಮಿದುಳಿನ ಅಲೆ ಮತ್ತು ಕಾಯುವ ದಿನಗಳ ಬೆಲೆ



ನಿಂತ ಹೃದಯ ಮತ್ತೆ ಮಿಡಿಯತೊಡಗಿದರೂ ಮನುಷ್ಯ ಕಣ್ಣು ತೆರೆಯದಿದ್ದಾಗ, ತೀವ್ರ ನಿಗಾ ಘಟಕದ ಹೊರಗೆ ಕುಳಿತವರ ಪ್ರಶ್ನೆ ಒಂದೇ: ಎಚ್ಚರವಾದೀತೆ? ಈ ಪ್ರಶ್ನೆಯ ಚರಿತ್ರೆಯಲ್ಲಿ ಸ್ವೀಡನ್ನಿನ ಕರಾವಳಿ ಪಟ್ಟಣ ಹೆಲ್ಸಿಂಗ್‌ಬೋರ್ಯ್‌ಗೆ ಒಂದು ಸ್ಥಾನವಿದೆ. ಅಲ್ಲಿನ ಆಸ್ಪತ್ರೆಯ ನಿಕ್ಲಾಸ್ ನೀಲ್ಸೆನ್ ಮುನ್ನಡೆಸಿದ ಬಹುದೇಶೀಯ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಇಂಥ 939 ರೋಗಿಗಳ ದೇಹವನ್ನು 33 ಡಿಗ್ರಿಗೆ ತಂಪಾಗಿಸುವುದು ಮೇಲೋ, 36 ಡಿಗ್ರಿ ಸಾಕೋ ಎಂಬುದು ಅದರ ವಿಷಯ. ವ್ಯತ್ಯಾಸ ಕಾಣಲಿಲ್ಲ. ಆದರೆ ಆ ರೋಗಿಗಳ ನೆತ್ತಿಗೆ ತಂತಿ ಅಂಟಿಸಿ ದಾಖಲಿಸಿದ ಮಿದುಳಿನ ಅಲೆಗಳು, ಅಂದರೆ ಇಇಜಿ, ಇನ್ನೊಂದು ಕೆಲಸಕ್ಕೆ ಒದಗಿದವು.

ಅವರಲ್ಲಿ 103 ಮಂದಿಯ ಇಇಜಿಯನ್ನು ಲುಂಡ್‌ನ ಎರಿಕ್ ವೆಸ್ಟ್‌ಹಾಲ್ ಮತ್ತು ಸಂಗಡಿಗರು ಏಕರೂಪದ ಪರಿಭಾಷೆಯಲ್ಲಿ ಓದಿ 2016ರಲ್ಲಿ ಫಲಿತಾಂಶ ನೀಡಿದರು. ಅಲೆಗಳು ಬಹುತೇಕ ಅಡಗಿಹೋದ, ಇಲ್ಲವೇ ಅಡಗಿ ಅಡಗಿ ಒಮ್ಮೆಲೇ ಸಿಡಿಯುವ ಮಾದರಿ ಕಂಡವರಲ್ಲಿ ಒಬ್ಬರೂ ಚೆನ್ನಾಗಿ ಚೇತರಿಸಿಕೊಂಡಿರಲಿಲ್ಲ. ಅದಕ್ಕಿಂತ ಸೌಮ್ಯವಾದ ಕೆಟ್ಟ ಲಕ್ಷಣಗಳನ್ನು ಮಾತ್ರ ನೆಚ್ಚುವಂತಿರಲಿಲ್ಲ; ಚೇತರಿಸಿಕೊಂಡವರಲ್ಲೂ ಸುಮಾರು ಅರ್ಧದಷ್ಟು ಮಂದಿಯಲ್ಲಿ ಅಂಥದೊಂದು ಕಂಡಿತ್ತು.

ಇಲ್ಲೊಂದು ಬಲೆಯಿದೆ. ಅಲೆ ಕೆಟ್ಟದೆಂದು ಉಸಿರಾಟದ ಯಂತ್ರ ತೆಗೆದರೆ ರೋಗಿ ಸಾಯುತ್ತಾನೆ. ನುಡಿದ ಭವಿಷ್ಯ ನಿಜವಾಯಿತೆಂದು ದಾಖಲೆಯಾಗುತ್ತದೆ. ಹೀಗಾಗಿಯೇ ಯುರೋಪಿನ ತಜ್ಞಸಂಘಗಳು 2021ರಲ್ಲಿ ನಿಯಮವನ್ನು ಬಿಗಿಗೊಳಿಸಿದವು. ಕನಿಷ್ಠ 72 ಗಂಟೆ ಕಾಯಬೇಕು, ನಿದ್ದೆಯ ಔಷಧದ ಪ್ರಭಾವ ಇಳಿದಿರಬೇಕು, ಇಇಜಿಯೊಂದನ್ನೇ ನಂಬದೆ ಕಣ್ಣಿನ ಪಾಪೆ, ನರಸಂಕೇತ, ರಕ್ತಪರೀಕ್ಷೆ, ಸ್ಕ್ಯಾನ್ ಇವುಗಳಲ್ಲಿ ಇನ್ನೊಂದಾದರೂ ಅದೇ ಮಾತನ್ನು ಹೇಳಬೇಕು. ಅದಾದ ಮೇಲೂ ಸಂದೇಹ ಉಳಿದರೆ ಮತ್ತೆ ಕಾಯಬೇಕು.

ಕಾಯುವುದಕ್ಕೆ ಹಣ ಬೇಕು. ಸ್ವೀಡನ್ನಿನಲ್ಲಿ ಆ ಹಾಸಿಗೆಯ ವೆಚ್ಚವನ್ನು ಬಹುಪಾಲು ತೆರಿಗೆ ಭರಿಸುತ್ತದೆ. ಕರ್ನಾಟಕ ಸರ್ಕಾರ 2025ರ ಜನವರಿಯಲ್ಲಿ, ಸುಪ್ರೀಂ ಕೋರ್ಟಿನ ತೀರ್ಪನ್ನು ಅನುಸರಿಸಿ, ಘನತೆಯಿಂದ ಸಾಯುವ ಹಕ್ಕಿನ ಆದೇಶ ಹೊರಡಿಸಿತು. ಚಿಕಿತ್ಸೆ ನಿಲ್ಲಿಸುವ ಮೊದಲು ವೈದ್ಯರ ಎರಡು ಮಂಡಳಿಗಳು ಒಪ್ಪಬೇಕು, ಸ್ವಾಗತಾರ್ಹ ನಡೆಯೇ. ಆದರೆ ಖಾಸಗಿ ಆಸ್ಪತ್ರೆಯ ಬಿಲ್ಲು ಯಾವ ಮಂಡಳಿಗೂ ಕಾಯುವುದಿಲ್ಲ. ಹೊಲವನ್ನೋ ಒಡವೆಯನ್ನೋ ಅಡವಿಟ್ಟ ಕುಟುಂಬ ಎರಡನೆಯ ದಿನವೇ 'ವೈದ್ಯರ ಸಲಹೆಗೆ ವಿರುದ್ಧವಾಗಿ' ಎಂಬ ಕಾಗದಕ್ಕೆ ಸಹಿ ಹಾಕಿ ರೋಗಿಯನ್ನು ಊರಿಗೆ ಕರೆದೊಯ್ಯುತ್ತದೆ. ಅಲ್ಲಿ ಭವಿಷ್ಯ ನುಡಿದದ್ದು ಇಇಜಿಯಲ್ಲ.

ಘನತೆಯ ಸಾವಿನ ಆದೇಶ ಬಂದಾಯಿತು. ಜಿಲ್ಲಾಸ್ಪತ್ರೆಗಳ ನಿಗಾ ಘಟಕದಲ್ಲಿ ಆ 72 ಗಂಟೆಗಳನ್ನು ಉಚಿತವಾಗಿ ಕೊಡುವ, ಅಲೆಗಳನ್ನು ಓದಬಲ್ಲವರನ್ನು ನೇಮಿಸುವ ಆದೇಶವನ್ನೂ ಕೇಳಬೇಕಾಗಿದೆ.