ಯೋಗವೂ ಕ್ಷೇಮವೂ

ನಮ್ಮ ಮನೆಗಳಿಗೆ ಹೊಸ ವರ್ಷ ಬರುವುದು ಯುಗಾದಿಗೆ. ಸರ್ಕಾರದ ಕಚೇರಿಗಳಿಗೆ ಏಪ್ರಿಲ್ ಒಂದಕ್ಕೆ. ನಮ್ಮಂಥ ಮೇಷ್ಟರುಗಳಿಗೆ ಶಾಲೆಯ ಬಾಗಿಲು ತೆರೆದ ದಿನ. ಇವಲ್ಲದೆ ಇನ್ನೂ ಒಂದು ಹೊಸ ವರ್ಷವುಂಟು. ಅದು ಜುಲೈ ಒಂದಕ್ಕೆ ಹುಟ್ಟಿ ಜೂನ್ ಮೂವತ್ತಕ್ಕೆ ಮುಗಿಯುತ್ತದೆ. ರೋಟರಿ, ಲಯನ್ಸ್ ಮೊದಲಾದ ಸೇವಾಸಂಸ್ಥೆಗಳ ವರ್ಷ ಅದು. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಂಥ ನಮ್ಮ ಊರುಗಳಲ್ಲಿ ಆ ದಿನಗಳಲ್ಲಿ ಯಾವುದಾದರೊಂದು ಕಲ್ಯಾಣಮಂಟಪದಲ್ಲಿ ಪದಗ್ರಹಣ ಸಮಾರಂಭ ನಡೆಯುತ್ತದೆ. ಹಳೆಯ ಅಧ್ಯಕ್ಷರು ತಮ್ಮ ಕೊರಳಿನ ಪದಕಮಾಲೆಯನ್ನು ತೆಗೆದು ಹೊಸಬರ ಕೊರಳಿಗೆ ಹಾಕುತ್ತಾರೆ. ಚಪ್ಪಾಳೆಯಾಗುತ್ತದೆ, ಊಟವಾಗುತ್ತದೆ. ಮಾರನೆಯ ದಿನದಿಂದ ಸೇವೆ ಆರಂಭ.

ಈ ಸಂಸ್ಥೆಗಳ ಹುಟ್ಟೂರು ದೂರದ ಅಮೆರಿಕದ ಶಿಕಾಗೋ ನಗರ. ೧೯೦೫ರ ಫೆಬ್ರುವರಿ ೨೩ರಂದು ಪಾಲ್ ಹ್ಯಾರಿಸ್ ಎಂಬ ವಕೀಲರು ಮೂವರು ಗೆಳೆಯರೊಡನೆ ಕಲೆತರು. ಒಬ್ಬರು ಕಲ್ಲಿದ್ದಲ ವ್ಯಾಪಾರಿ, ಒಬ್ಬರು ಗಣಿಯ ಇಂಜಿನಿಯರು, ಒಬ್ಬರು ದರ್ಜಿ. ಸರದಿಯ ಮೇಲೆ ಒಬ್ಬೊಬ್ಬರ ಕಚೇರಿಯಲ್ಲಿ ಸೇರುತ್ತಿದ್ದುದರಿಂದ ರೋಟರಿ ಎಂಬ ಹೆಸರಾಯಿತು. ಅದೇ ಶಿಕಾಗೋದಲ್ಲಿ ೧೯೧೭ರಲ್ಲಿ ಮೆಲ್ವಿನ್ ಜೋನ್ಸ್ ಎಂಬವರ ಪ್ರಯತ್ನದಿಂದ ಲಯನ್ಸ್ ಸಂಸ್ಥೆ ಹುಟ್ಟಿತು. ಕಣ್ಣೂ ಕಿವಿಯೂ ಇಲ್ಲದಿದ್ದರೂ ವಿದ್ಯಾವತಿಯಾದ ಹೆಲೆನ್ ಕೆಲ್ಲರ್ ೧೯೨೫ರಲ್ಲಿ ಲಯನ್ಸ್ ಸಮ್ಮೇಳನಕ್ಕೆ ಬಂದು, ಕುರುಡರ ಪಕ್ಷ ವಹಿಸಿ ಹೋರಾಡಿರೆಂದು ಕೇಳಿಕೊಂಡರು. ಅಂದಿನಿಂದ ಕಣ್ಣಿನ ಕೆಲಸ ಆ ಸಂಸ್ಥೆಯ ಮುಖ್ಯ ವ್ರತವಾಯಿತು.

ಹೆಸರು ಹೊಸದಾದರೂ ಕೆಲಸ ನಮಗೆ ಹೊಸದಲ್ಲ. ಕೆರೆ ಕಟ್ಟಿಸುವುದು, ಸಾಲುಮರ ನೆಡಿಸುವುದು, ಅರವಟ್ಟಿಗೆ ಇಡುವುದು ನಮ್ಮ ಹಿರಿಯರ ಧರ್ಮವೇ ಆಗಿತ್ತು. ಈಗಿನ ಸಂಸ್ಥೆಯ ವಿಶೇಷವೆಂದರೆ, ವೈದ್ಯರು, ವಕೀಲರು, ಕಿರಾಣಿ ಅಂಗಡಿಯವರು, ಅಡಿಕೆ ಮಂಡಿಯವರು ಒಂದೇ ಮೇಜಿನ ಸುತ್ತ ಕುಳಿತು ಆ ಧರ್ಮವನ್ನು ಲೆಕ್ಕವಿಟ್ಟು ಮಾಡುತ್ತಾರೆ.

ಅವರ ವರ್ಷ ಸಾಗುವ ಬಗೆಯನ್ನು ನೋಡಿ. ಜುಲೈಯಲ್ಲಿ ಸಸಿ ನೆಡುವುದು. ಆಗಸ್ಟಿನಲ್ಲಿ ಬಡ ಮಕ್ಕಳಿಗೆ ನೋಟುಪುಸ್ತಕ. ಸೆಪ್ಟೆಂಬರಿನಲ್ಲಿ ನಮಗೆ, ಎಂದರೆ ಉಪಾಧ್ಯಾಯರಿಗೆ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ. ಆಮೇಲೆ ರಕ್ತದಾನ, ಕಣ್ಣಿನ ತಪಾಸಣೆ. ನಡುವೆ ಗವರ್ನರು ಬರುತ್ತಾರೆ. ಇವರು ರಾಜ್ಯಪಾಲರಲ್ಲ, ಹತ್ತಾರು ಕ್ಲಬ್ಬುಗಳ ಮೇಲ್ವಿಚಾರಕರು. ಆದರೂ ಆ ವಾರದ ಸಡಗರ ರಾಜ್ಯಪಾಲರು ಬಂದಷ್ಟೇ! ಬೇಸಗೆಯಲ್ಲಿ ನಾಯಕನಹಟ್ಟಿಯ ತೇರಿಗೆ ಹೋಗುವವರಿಗೆ ನೀರು, ಮಜ್ಜಿಗೆ. ಜೂನಿನಲ್ಲಿ ವರದಿ. ಅಷ್ಟರಲ್ಲಿ ಪದಕಮಾಲೆ ಇನ್ನೊಬ್ಬರ ಕೊರಳನ್ನು ಹುಡುಕುತ್ತಿರುತ್ತದೆ.

ಇಷ್ಟೆಲ್ಲ ಒಳ್ಳೆಯ ಕೆಲಸವೇ ಸರಿ. ಆದರೆ ನನ್ನ ಕಣ್ಣಾರೆ ಕಂಡ ಎರಡು ಸಂಗತಿಗಳನ್ನು ಹೇಳಬೇಕು.

ನಾನು ಪಾಠ ಹೇಳಿದ ಒಂದು ಶಾಲೆಯ ಅಂಗಳದಲ್ಲಿ ಒಂದು ಜುಲೈಯಲ್ಲಿ ಹತ್ತು ಗುಂಡಿ ತೋಡಿ ಹತ್ತು ಹೊಂಗೆಯ ಸಸಿ ನೆಟ್ಟರು. ಛಾಯಾಚಿತ್ರ ತೆಗೆದರು. ನಮ್ಮ ಸೀಮೆಯ ಮಳೆ ನಿಮಗೆ ಗೊತ್ತಲ್ಲ. ಜುಲೈಯಲ್ಲಿ ಗಾಳಿಯೇ ಹೆಚ್ಚು, ಹನಿ ಕಡಿಮೆ. ನಿಜವಾದ ಮಳೆ ಸೆಪ್ಟೆಂಬರು ಅಕ್ಟೋಬರಿಗೆ. ಅದು ಹೇಗೋ ದಾಟಿದ ಸಸಿಗಳು ಮಾರ್ಚಿಯ ಬಿಸಿಲಿಗೆ ಒಣಗಿದವು. ಮರುವರ್ಷ ಜುಲೈಯಲ್ಲಿ ಹೊಸ ಅಧ್ಯಕ್ಷರು ಬಂದು ಅದೇ ಗುಂಡಿಗಳಲ್ಲಿ ಹತ್ತು ಸಸಿ ನೆಟ್ಟರು. ಮೂರನೆಯ ವರ್ಷವೂ ಹಾಗೆಯೇ. ಮೂರು ವರದಿಗಳನ್ನು ಕೂಡಿಸಿದರೆ ಮೂವತ್ತು ಮರ. ಅಂಗಳದಲ್ಲಿ ನೋಡಿದರೆ ಹತ್ತು ಗುಂಡಿ. ಹೊಸದುರ್ಗದ ಕಡೆಯ ತೆಂಗಿನ ತೋಟದವರನ್ನು ಕೇಳಿ. ಸಸಿ ನೆಡುವುದು ಒಂದು ಹೊತ್ತಿನ ಕೆಲಸ, ನೀರು ಹಾಕುವುದು ವರ್ಷಗಳ ಕೆಲಸ ಎನ್ನುತ್ತಾರೆ.

ಎರಡನೆಯದು ಹೆಚ್ಚು ನೋವಿನದು. ಸುಮಾರು ಮೂವತ್ತು ವರ್ಷದ ಹಿಂದೆ ನೇತ್ರಶಿಬಿರಗಳು ಶಾಲೆಗಳಲ್ಲಿಯೇ ನಡೆಯುತ್ತಿದ್ದವು. ನಮ್ಮ ನಾಡಿನ ಡಾಕ್ಟರ್ ಎಂ. ಸಿ. ಮೋದಿಯವರು ಊರೂರು ತಿರುಗಿ ನಡೆಸಿದ ಶಿಬಿರಗಳನ್ನು ಹಿರಿಯರು ಮರೆತಿರಲಾರರು. ಬೇಸಗೆ ರಜದಲ್ಲಿ ನಮ್ಮ ಕೊಠಡಿಗಳೇ ವಾರ್ಡುಗಳಾದವು. ಆಗ ಅಂಥ ಶಿಬಿರಗಳಲ್ಲಿ ಪೊರೆಬಂದ ಮಸೂರವನ್ನು ತೆಗೆಯುತ್ತಿದ್ದರು, ಒಳಗೆ ಬೇರೆ ಮಸೂರ ಕೂಡಿಸುತ್ತಿರಲಿಲ್ಲ. ಗಾಯ ಮಾಗಿದ ಮೇಲೆ, ಕೆಲವು ವಾರ ಕಳೆದು, ದಪ್ಪ ಗಾಜಿನ ಕನ್ನಡಕ ಕೊಡಬೇಕು. ಅದಿಲ್ಲದೆ ಶಸ್ತ್ರಚಿಕಿತ್ಸೆ ಆಗಿಯೂ ಆಗದಂತೆ. ಶಿಬಿರ ಮುಗಿಯಿತು, ಕನ್ನಡಕದ ದಿನ ಜುಲೈಗೆ ಬಿತ್ತು. ಅಷ್ಟರಲ್ಲಿ ಅಧ್ಯಕ್ಷರೂ ಕಾರ್ಯದರ್ಶಿಯೂ ಬದಲಾಗಿದ್ದರು. ಹೆಸರಿನ ಪಟ್ಟಿ ಯಾರ ಮನೆಯ ಬೀರುವಿನಲ್ಲಿ ಉಳಿಯಿತೋ! ಆಗಸ್ಟಿನ ಒಂದು ಬೆಳಿಗ್ಗೆ ಮುದುಕಿಯೊಬ್ಬಳು ಮೊಮ್ಮಗನ ಹೆಗಲು ಹಿಡಿದು ನಮ್ಮ ಶಾಲೆಗೆ ಬಂದಳು. "ಇಲ್ಲೇ ಕಣ್ಣು ಮಾಡಿದ್ರು ಸ್ವಾಮಿ, ಅವ್ರು ಎತ್ಲಾಗೆ ಹೋದ್ರು?" ಎಂದು ಕೇಳಿದಳು. ಏಳನೆಯ ತರಗತಿಯ ಬಾಗಿಲಲ್ಲಿ ನಿಂತು ಕೇಳಿದ ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ನಾಲ್ಕು ದಿನ ಅಲೆದು ಪಟ್ಟಿಯನ್ನು ಹುಡುಕಿಸಿದೆವು, ಕನ್ನಡಕವೂ ಬಂತು. ಶಾಲೆಯವರೆಗೆ ಬರಲಾರದೆ ಹಳ್ಳಿಯಲ್ಲಿಯೇ ಉಳಿದವರ ಗತಿ ಏನಾಯಿತೆಂದು ಈಗಲೂ ಒಮ್ಮೊಮ್ಮೆ ನೆನೆಯುತ್ತೇನೆ.

ಇಲ್ಲಿ ಯಾರೂ ಕೆಟ್ಟವರಲ್ಲ. ಎಲ್ಲರೂ ಸ್ವಂತ ಹಣ, ಸ್ವಂತ ಹೊತ್ತು ಕೊಟ್ಟವರೇ. ದೋಷ ಇರುವುದು ಬೇರೆ ಕಡೆ. ಯೋಗಕ್ಷೇಮ ಎಂಬ ಮಾತನ್ನು ನಾವು ಕಾಗದ ಬರೆಯುವಾಗ ಬಳಸುತ್ತೇವೆ. ಅದು ಒಂದು ಮಾತಲ್ಲ, ಎರಡು. ಇಲ್ಲದುದನ್ನು ತಂದುಕೊಡುವುದು ಯೋಗ. ತಂದುದನ್ನು ಕಾಪಾಡುವುದು ಕ್ಷೇಮ. ನಮ್ಮ ಸೇವಾಸಂಸ್ಥೆಗಳು ಯೋಗದಲ್ಲಿ ಶೂರರು. ಕ್ಷೇಮಕ್ಕೆ ಮಾತ್ರ ಅವರ ಪಂಚಾಂಗದಲ್ಲಿ ತಿಂಗಳಿಲ್ಲ.

ಹಾಗಾದರೆ ವರ್ಷಕ್ಕೊಬ್ಬ ಅಧ್ಯಕ್ಷರೆಂಬ ಪದ್ಧತಿಯೇ ತಪ್ಪೆ? ಅಲ್ಲ. ಅಧಿಕಾರ ಒಬ್ಬರ ಕೈಯಲ್ಲಿ ಬೇರುಬಿಡದಿರುವುದು ಒಳ್ಳೆಯದೇ. ಪೋಲಿಯೋ ನಿರ್ಮೂಲನದ ಸಂಗತಿಯನ್ನು ನೋಡಿ. ರೋಟರಿ ಸಂಸ್ಥೆ ೧೯೮೫ರಲ್ಲಿ ಆ ಕೆಲಸಕ್ಕೆ ಕೈಹಾಕಿತು. ಭಾರತದಲ್ಲಿ ೧೯೯೫ರಿಂದ ಪಲ್ಸ್ ಪೋಲಿಯೋ ಭಾನುವಾರಗಳು ಬಂದವು. ಹನಿ ಹಾಕಿಸಿಕೊಂಡ ಮಗುವಿನ ಕಿರುಬೆರಳಿಗೆ ಮಸಿಯ ಗುರುತು ಬಿತ್ತು. ನಮ್ಮ ದೇಶದ ಕೊನೆಯ ಪ್ರಕರಣ ೨೦೧೧ರ ಜನವರಿಯಲ್ಲಿ ಕಂಡಿತು. ೨೦೧೪ರ ಮಾರ್ಚಿಯಲ್ಲಿ ದೇಶ ಪೋಲಿಯೋಮುಕ್ತವೆಂದು ಘೋಷಣೆಯಾಯಿತು. ಸರ್ಕಾರ, ವೈದ್ಯರು, ಮನೆಮನೆ ತಿರುಗಿದ ಅಂಗನವಾಡಿಯ ಹೆಣ್ಣುಮಕ್ಕಳು ಎಲ್ಲರೂ ದುಡಿದರು. ರೋಟರಿಯಲ್ಲಿ ಅಷ್ಟರೊಳಗೆ ಸುಮಾರು ಮೂವತ್ತು ಅಧ್ಯಕ್ಷರು ಬಂದು ಹೋಗಿದ್ದರು. ಕೊರಳು ಬದಲಾಯಿತು, ಕೆಲಸ ಬದಲಾಗಲಿಲ್ಲ.

ನಮ್ಮ ನೆಲದ ನಿದರ್ಶನವೂ ಉಂಟು. ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಯಲ್ಲಿ ೧೯೪೩ರಲ್ಲಿ ಅನಾಥ ಸೇವಾಶ್ರಮವನ್ನು ಆರಂಭಿಸಿದ ರಾಘವೇಂದ್ರ ಸ್ವಾಮೀಜಿಯವರು ತಮ್ಮನ್ನು ತಿರುಕ ಎಂದೇ ಕರೆದುಕೊಂಡರು. ಜೋಳಿಗೆ ಹಿಡಿದು ಬೇಡಿ ಶಾಲೆ ಕಟ್ಟಿದರು, ಔಷಧ ಕೊಟ್ಟರು, ಯೋಗಾಸನ ಕಲಿಸಿದರು. ೧೯೯೬ರಲ್ಲಿ ಕಾಲವಾಗುವವರೆಗೆ ಆ ಜೋಳಿಗೆಯನ್ನು ಕೆಳಗಿಡಲಿಲ್ಲ. ಗೃಹಸ್ಥರಾದ ನಾವು ಐವತ್ತು ವರ್ಷ ಹೊರಲಾರೆವು, ನಿಜ. ಒಂದು ವರ್ಷ ಹೊತ್ತು ಮುಂದಿನವರ ಹೆಗಲಿಗೆ ಜೋಪಾನವಾಗಿ ದಾಟಿಸಬಹುದಷ್ಟೆ.

ಅದಕ್ಕೆ ಹೆಚ್ಚಿನ ಖರ್ಚೇನೂ ಇಲ್ಲ. ಪದಗ್ರಹಣದ ದಿನ ಪದಕಮಾಲೆಯ ಜೊತೆಗೆ ಒಂದು ನೋಟುಪುಸ್ತಕವೂ ಕೈ ಬದಲಿಸಲಿ. ಕಣ್ಣು ಮಾಡಿಸಿಕೊಂಡವರ ಹೆಸರು, ಊರು, ಕನ್ನಡಕ ಕೊಡಬೇಕಾದ ದಿನ. ನೆಟ್ಟ ಸಸಿಯೆಷ್ಟು, ಬದುಕಿದ್ದೆಷ್ಟು, ನೀರು ಹಾಕುವವರು ಯಾರು. ಇಷ್ಟನ್ನೇ ಬರೆದಿರಲಿ. ಸಭೆಯಲ್ಲಿ ಮೊದಲು ಅದನ್ನು ಓದಿ, ಆಮೇಲೆ ಹೊಸ ಯೋಜನೆ ಹೇಳಲಿ.

ಹಿರಿಯೂರಿನ ಬಳಿ ವೇದಾವತಿಗೆ ಕಟ್ಟಿದ ವಾಣಿವಿಲಾಸ ಸಾಗರ ೧೯೦೭ರಲ್ಲಿ ಮುಗಿಯಿತು. ೧೯೩೩ರಲ್ಲಿ ಕೋಡಿ ಹರಿದದ್ದು ಮತ್ತೆ ಹರಿದದ್ದು ೨೦೨೨ರಲ್ಲಿ. ಎಂಬತ್ತೊಂಬತ್ತು ವರ್ಷ ಯಾರೋ ಆ ಕಟ್ಟೆಯನ್ನು ನೋಡಿಕೊಂಡರು, ತೂಬನ್ನು ದುರಸ್ತಿಯಲ್ಲಿಟ್ಟರು. ಕೋಡಿ ನೋಡದೆಯೇ ಕೆಲಸ ಮುಗಿಸಿ ಹೋದವರು ಅವರಲ್ಲಿ ಎಷ್ಟೋ ಮಂದಿ. ನೀರು ಬಂದ ದಿನ ಕಟ್ಟೆ ಗಟ್ಟಿಯಾಗಿತ್ತು.

ಮುಂದಿನ ಜುಲೈಯಲ್ಲಿ ಸಸಿ ಹಿಡಿದು ಶಾಲೆಗೆ ಬರುವ ಅಧ್ಯಕ್ಷರಿಗೆ ನನ್ನದೊಂದು ಬಿನ್ನಹ. ಗುದ್ದಲಿ ಹಾಕುವ ಮೊದಲು ಹೋದ ವರ್ಷದ ಗುಂಡಿಯನ್ನು ಒಮ್ಮೆ ನೋಡಿ. ಅಲ್ಲಿ ಒಂದೇ ಒಂದು ಚಿಗುರಿದ್ದರೂ ಆ ವರ್ಷದ ಮೊದಲ ಕೊಡ ನೀರು ಅದಕ್ಕೆ ಸಲ್ಲಲಿ.