ಬಾಜೂಕ ಯಾರು ಕುಂತಿದ್ರು?

ಹಿಂಜವಡಿ, ಖರಾಡಿ ಕಡೆ ಕೆಲಸ ಮಾಡೋ ನಮ್ಮ ಕನ್ನಡದ ಹುಡುಗ-ಹುಡುಗಿಯರ ಜೊತೆ ಇವತ್ತು ಒಂದೇ ವಿಷಯ ಮಾತಾಡಬೇಕು: ಪ್ರತಿ ಭಾನುವಾರ ಸಭೆಗೆ ಯಾಕೆ ಹೋಗಬೇಕು? ನಾನು ಸಭಾಪಾಲಕನಲ್ಲ. ಎಂಟೆಕ್ ಮಾಡಿ ಕೋಡ್ ಬರೆಯೋ ಮನುಷ್ಯ. ಹೋಗದೇ ಇದ್ದ ಅನುಭವ ಸಾಕಷ್ಟಿದೆ, ಆ ಅರ್ಹತೆ ಮೇಲೆ ಮಾತಾಡ್ತೀನಿ.

ನಮ್ಮೂರು ಗದಗ-ಬೆಟಗೇರಿ. ಬಾಸೆಲ್ ಮಿಷನ್ ಕಾಲದ ಸಭೆ. ಅಲ್ಲಿ ಚರ್ಚಿಗೆ ಹೋಗೋದಕ್ಕೆ ಯಾರೂ ಯೋಚನೆ ಮಾಡ್ತಿರಲಿಲ್ಲ. ಗಂಟೆ ಹೊಡೀತು, ಎದ್ದು ಹೋದ್ವಿ. ಪುಣೆಗೆ ಬಂದ ಮೇಲೆ ಪ್ರತಿ ವಾರ ಯೋಚನೆ ಮಾಡಬೇಕಾಯ್ತು. ನಾನಿರೋದು ವಾಕಡ್. ಕನ್ನಡದಲ್ಲಿ ನಾವು ಸೇರೋದು ಖಡಕಿಯ ಒಂದು ಬಾಡಿಗೆ ಹಾಲ್‌ನಲ್ಲಿ, ಅದೂ ಮಧ್ಯಾಹ್ನ. ಬೆಳಿಗ್ಗೆ ಆ ಜಾಗ ಬೇರೆಯವರಿಗೆ. ಹೆಚ್ಚೆಂದರೆ ನಲವತ್ತು ಜನ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಆರಾಧನೆ ಮೊಬೈಲಿಗೆ ಬಂತು. ಆಗ ಅದು ಆಶೀರ್ವಾದವೇ, ಇಲ್ಲ ಅನ್ನಲ್ಲ. ಆದರೆ ಮಹಾರಾಷ್ಟ್ರದಲ್ಲಿ 2021ರ ಅಕ್ಟೋಬರ್ 7ಕ್ಕೆ, ಘಟಸ್ಥಾಪನೆಯ ದಿನ, ದೇವಸ್ಥಾನ, ಮಸೀದಿ, ಚರ್ಚು ಎಲ್ಲದರ ಬಾಗಿಲೂ ಮತ್ತೆ ತೆರೆದವು. ನಾನು ಮಾತ್ರ ಹೊರಗೆ ಬರಲಿಲ್ಲ. ಪೋಹೆ ತಟ್ಟೆ ಕೈಯಲ್ಲಿ ಹಿಡ್ಕೊಂಡು ಪ್ರಸಂಗವನ್ನ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಕೇಳ್ತಿದ್ದೆ. ಕಾಣಿಕೆ ಯುಪಿಐನಲ್ಲಿ. ಸಭೆಯ ವಾಟ್ಸಾಪ್ ಗ್ರೂಪ್ ಮ್ಯೂಟ್.

ಭಾನುವಾರ ರಾತ್ರಿ ಅವ್ವ ಫೋನ್ ಮಾಡೋಳು. "ಹೋಗಿದ್ದೇನೋ?" "ಹೂಂ, ಹೋಗಿದ್ದೆ." ಒಂದು ಸಲ ಕೇಳಿದಳು: "ಬಾಜೂಕ ಯಾರು ಕುಂತಿದ್ರು?"

ಏನು ಹೇಳೋದು? ನೆಟ್‌ವರ್ಕ್ ಸರಿಯಿಲ್ಲ ಅಂತ ಫೋನ್ ಇಟ್ಟೆ. ಮೂವತ್ತು ದಾಟಿದ ಮೇಲೆ ಅವ್ವನಿಗೆ ಸುಳ್ಳು ಹೇಳೋದು ಬಹಳ ಕೆಟ್ಟದಾಗಿ ಅನ್ನಿಸುತ್ತೆ.

ಆ ರಾತ್ರಿ ಗ್ರೂಪ್ ತೆರೆದೆ. ಓದದ ಮೆಸೇಜು ಮುನ್ನೂರಕ್ಕೂ ಹೆಚ್ಚು. ಎರಡು ವಾರದ ಹಿಂದಿನದೊಂದು: ನಮ್ಮ ಸಭೆಯ ಅಂಕಲ್ ಒಬ್ಬರಿಗೆ ತುರ್ತು ಆಪರೇಷನ್, ಬಿ ನೆಗೆಟಿವ್ ರಕ್ತ ಬೇಕು. ನಂದು ಬಿ ನೆಗೆಟಿವ್. ನಾನು ಪುಣೆಗೆ ಬಂದ ಮೊದಲ ವಾರ ನನ್ನ ಟ್ರಂಕು ಹೊತ್ತು ರೂಮ್ ಹುಡುಕಿ ಕೊಟ್ಟವರು ಅವರೇ. ಅವತ್ತು ಸಂಜೆಯೊಳಗೆ ಬೇರೆ ಯಾರೋ ಕೊಟ್ಟಿದ್ದರು, ಅಂಕಲ್ ಮನೆಗೆ ಬಂದಿದ್ದರು. ಆದರೆ ಆ ಮೆಸೇಜು ಬಂದ ಹೊತ್ತಿನಲ್ಲಿ ನಾನು ವಾಕಡ್‌ನಲ್ಲೇ ಸೀರೀಸ್ ನೋಡ್ತಾ ಕೂತಿದ್ದೆ.

ಯೂಟ್ಯೂಬ್‌ನಲ್ಲಿ ನಮ್ಮ ಅಯ್ಯನವರಿಗಿಂತ ಚೆನ್ನಾಗಿ ಪ್ರಸಂಗ ಮಾಡೋರು ನೂರು ಜನ ಸಿಗ್ತಾರೆ, ಒಪ್ಪಿದೆ. ಒಬ್ಬನೇ ಕೂತು ಪ್ರಾರ್ಥಿಸಿದರೆ ದೇವರು ಕೇಳಲ್ವಾ? ಕೇಳ್ತಾನೆ. ಆದರೆ ನಾನು ಬಂದಿಲ್ಲ ಅನ್ನೋದು ಯೂಟ್ಯೂಬಿಗೆ ಗೊತ್ತಾಗಲ್ಲ. ನನಗೆ ಏನು ಸಿಗುತ್ತೆ ಅಂತಲೇ ನಾನು ಲೆಕ್ಕ ಹಾಕ್ತಿದ್ದೆ. ನನ್ನಿಂದ ಇನ್ನೊಬ್ಬರಿಗೆ ಏನು ಬೇಕಾಗಬಹುದು ಅನ್ನೋದು ಆ ಲೆಕ್ಕದಲ್ಲೇ ಇರಲಿಲ್ಲ. ಇಬ್ರಿಯರಿಗೆ ಬರೆದ ಪತ್ರದ ಹತ್ತನೇ ಅಧ್ಯಾಯ ಓದಿ ನೋಡಿ. ಕೂಡಿಬರೋದನ್ನ ಬಿಡಬೇಡಿ ಅನ್ನೋ ಮಾತಿನ ಪಕ್ಕದಲ್ಲೇ ಒಬ್ಬರನ್ನೊಬ್ಬರು ಹುರಿದುಂಬಿಸೋ ಮಾತೂ ಇದೆ.

"ಟೈಮ್ ಎಲ್ಲಿದೆ ಬ್ರದರ್" ಅಂತೀರಿ. ಕ್ರಿ.ಶ. 112ರ ಸುಮಾರಿಗೆ, ಈಗಿನ ತುರ್ಕಿಯ ಭಾಗದಲ್ಲಿ ಅಧಿಕಾರಿಯಾಗಿದ್ದ ಪ್ಲಿನಿ ರೋಮಿನ ಚಕ್ರವರ್ತಿ ಟ್ರಾಜನ್‌ಗೆ ಒಂದು ಪತ್ರ ಬರೆದ. ಕ್ರೈಸ್ತರು ಗೊತ್ತಾದ ಒಂದು ದಿನ ಬೆಳಕು ಹರಿಯೋ ಮುಂಚೆ ಸೇರಿ ಹಾಡ್ತಾರೆ, ಚದುರಿ ಹೋಗ್ತಾರೆ, ಮತ್ತೆ ಊಟಕ್ಕೆ ಸೇರ್ತಾರೆ ಅಂತ ಅದರಲ್ಲಿದೆ. ಸಿಕ್ಕಿಬಿದ್ದರೆ ಪ್ರಾಣಕ್ಕೆ ಅಪಾಯ. ಭಾನುವಾರದ ರಜೆಯೂ ಇರಲಿಲ್ಲ. ಅದನ್ನ ಕಾನ್‌ಸ್ಟಂಟೈನ್ ಕೊಟ್ಟಿದ್ದು 321ರಲ್ಲಿ. ನಮ್ಮ ಕಡೆ ಮುಂಬೈ ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ಸಿಕ್ಕಿದ್ದು 1890ರಲ್ಲಿ, ಫುಲೆಯವರ ಒಡನಾಡಿ ನಾರಾಯಣ ಮೇಘಾಜಿ ಲೋಖಂಡೆಯವರ ಹೋರಾಟದಿಂದ. ಅವರು ಮುಂದಿಟ್ಟ ಒಂದು ಕಾರಣ, ಭಾನುವಾರ ಖಂಡೋಬಾನ ವಾರ ಅಂತ. ನಮ್ಮ ಮೈಲಾರಲಿಂಗ! ಆ ರಜೆಯಲ್ಲಿ ನಾವು ಹನ್ನೊಂದರವರೆಗೆ ಮಲಗ್ತೀವಿ.

ಅಲ್ಲಿ ಹೋದರೆ ಕಿರಿಕಿರಿಯೂ ಇದೆ. ಕೀಬೋರ್ಡ್ ನುಡಿಸೋ ತಮ್ಮ ಎಲ್ಲಾ ಹಾಡಿಗೂ ಒಂದೇ ರಿದಮ್ ಹಾಕ್ತಾನೆ. ಆಂಟಿಯರು ಮದುವೆ ಯಾವಾಗ ಅಂತ ಕೇಳೇ ಕೇಳ್ತಾರೆ. ಆದರೂ ಮುಂದಿನ ಭಾನುವಾರ ಹೋದೆ. ತಡವಾಗಿತ್ತು, ಮೊದಲನೇ ಗೀತೆ ಮುಗಿದಿತ್ತು. ಕೊನೇ ಬೆಂಚಿನಲ್ಲಿ ಆ ಅಂಕಲ್, ಸೊರಗಿ ಹೋಗಿದ್ದರು. ಇಷ್ಟು ದಿನ ಎಲ್ಲಿದ್ದೆ ಅಂತ ಕೇಳ್ತಾರೆ ಅಂತ ಹೆದರಿದ್ದೆ. ಕೇಳಲಿಲ್ಲ. ಸ್ವಲ್ಪ ಸರಿದು ಜಾಗ ಮಾಡಿ, ಗೀತೆ ಪುಸ್ತಕ ನನ್ನ ಕಡೆ ಹಿಡಿದರು.

ರಾತ್ರಿ ಅವ್ವ ಕೇಳೋ ಮುಂಚೆ ನಾನೇ ಅವರ ಹೆಸರು ಹೇಳಿದೆ.

ಈ ವಾರ ಕುರ್ಚಿ ಹಾಕೋ ಪಾಳಿ ನಂದು, ಬೇಗ ಹೊರಡಬೇಕು. ಖಡಕಿ ಕಡೆ ಬರೋರು ಯಾರಾದರೂ ಇದ್ದರೆ ಹೇಳಿ, ಬೈಕಿನ ಹಿಂದಿನ ಸೀಟು ಖಾಲಿ ಇದೆ.